ಬೆಳಕಿನ ದಾರಿಯನ್ನು ಅರಸಿದ ಇಬ್ನುಲ್ ಹೈಸಮ್

ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತವರು ಚಾಲಕನನ್ನು ಗಮನಿಸಿರಬಹುದು. ಅವನ ಕಣ್ಣು ರಸ್ತೆಯ ಮೇಲಿರುತ್ತದೆ. ಆದರೂ ಆಗಾಗ ಅದು ಪಕ್ಕದ ಉಬ್ಬು ಕನ್ನಡಿಯತ್ತ ಹೊರಳುತ್ತದೆ. ಆ ಪುಟ್ಟ ಕನ್ನಡಿಯೊಳಗೆ ಹಿಂದಿನ ರಸ್ತೆ, ರಸ್ತೆಯ ಅಂಚು, ಅದರಾಚೆಯ ಮನೆಮರಗಳೆಲ್ಲ ಅಡಗಿರುತ್ತವೆ. ಘಾಟಿಯ ತಿರುವಿನಲ್ಲಿ ಕಂಬಕ್ಕೆ ಕಟ್ಟಿದ ದುಂಡು ಕನ್ನಡಿಯೂ ಅದೇ ಕೆಲಸ ಮಾಡುತ್ತದೆ. ಕಣ್ಣಿಗೆ ನೇರವಾಗಿ ಕಾಣದ್ದನ್ನು ಅದು ಬಳಸುದಾರಿಯಿಂದ ತೋರಿಸಿಕೊಡುತ್ತದೆ. ಆದರೆ ಅದರಲ್ಲಿ ಒಂದು ಅಪಾಯವೂ ಇದೆ. ಅದು ಹಿಂದೆ ಬರುತ್ತಿರುವ ವಾಹನವನ್ನು ಚಿಕ್ಕದಾಗಿ ತೋರಿಸುತ್ತದೆ. ಚಿಕ್ಕದಾಗಿ ಕಂಡದ್ದು ದೂರದಲ್ಲಿದೆ ಎಂದು ಮನಸ್ಸು ತೀರ್ಮಾನಿಸಿಬಿಡುತ್ತದೆ. ಆ ತೀರ್ಮಾನ ತಪ್ಪಾದರೆ ಜೀವಕ್ಕೇ ಸಂಚಕಾರ.

ಕನ್ನಡಿಯಲ್ಲಿ ಬೆಳಕು ಯಾವ ದಾರಿಯಾಗಿ ಬರುತ್ತದೆ? ಕಣ್ಣು ಎಷ್ಟನ್ನು ನೋಡುತ್ತದೆ, ಮನಸ್ಸು ಎಷ್ಟನ್ನು ಊಹಿಸುತ್ತದೆ? ಈ ಪ್ರಶ್ನೆಗಳನ್ನು ಸಾವಿರ ವರ್ಷಗಳ ಹಿಂದೆಯೇ ಕೈಗೆತ್ತಿಕೊಂಡು, ಪ್ರಯೋಗ ಮತ್ತು ಗಣಿತದ ಒರೆಗಲ್ಲಿಗೆ ಹಚ್ಚಿದ ಮಹನೀಯರೊಬ್ಬರಿದ್ದರು. ಅವರೇ ಅಬೂ ಅಲೀ ಅಲ್ ಹಸನ್ ಇಬ್ನುಲ್ ಹೈಸಮ್. ಯುರೋಪಿನವರು ಅವರ ಹೆಸರನ್ನು ಅಲ್‌ಹಾಝೆನ್ ಎಂದು ಮಾಡಿಕೊಂಡರು. ಅವರ ವಿದ್ವತ್ತಿನ ಬಗ್ಗೆ ನಾವು ಅಷ್ಟಿಷ್ಟು ಕೇಳಿದ್ದೇವೆ. ಆದರೆ ಅವರ ಬದುಕಿನಲ್ಲಿ ವಿದ್ವತ್ತಿನಷ್ಟೇ ದೊಡ್ಡದಾದ ಇನ್ನೊಂದು ಪಾಠವಿದೆ. ತನ್ನ ತಪ್ಪನ್ನು ಕಂಡುಕೊಳ್ಳುವುದು ಮತ್ತು ಅದನ್ನು ಒಪ್ಪಿಕೊಳ್ಳುವುದು ಹೇಗೆ ಎಂಬುದೇ ಆ ಪಾಠ.

ಬಸರಾದಿಂದ ಕೈರೊಗೆ

ಇಬ್ನುಲ್ ಹೈಸಮ್‌ರು ಹಿಜರಿ 354ರ ಸುಮಾರಿಗೆ, ಅಂದರೆ ಕ್ರಿ.ಶ. 965ರ ಹೊತ್ತಿಗೆ, ಇರಾಕಿನ ಬಸರಾ ನಗರದಲ್ಲಿ ಜನಿಸಿದರು. ಆ ಕಾಲದ ಇರಾಕಿನಲ್ಲಿ ಗ್ರೀಕ್ ಪಂಡಿತರ ಗ್ರಂಥಗಳು ಅರಬಿ ಭಾಷೆಗೆ ಬಂದು ಒಂದು ಶತಮಾನವೇ ಕಳೆದಿತ್ತು. ಯೂಕ್ಲಿಡ್‌ನ ರೇಖಾಗಣಿತ, ಟಾಲಮಿಯ ಖಗೋಳಶಾಸ್ತ್ರ, ಗ್ಯಾಲನ್‌ನ ವೈದ್ಯಶಾಸ್ತ್ರಗಳನ್ನು ವಿದ್ಯಾರ್ಥಿಗಳು ಅರಬಿಯಲ್ಲೇ ಓದುತ್ತಿದ್ದರು. ಇಬ್ನುಲ್ ಹೈಸಮ್‌ರೂ ಅವನ್ನೆಲ್ಲ ಅರೆದು ಕುಡಿದರು. ಗಣಿತಜ್ಞರೆಂಬ ಅವರ ಕೀರ್ತಿ ಬಸರಾವನ್ನು ದಾಟಿ ದೂರದ ಈಜಿಪ್ಟಿನವರೆಗೂ ಹಬ್ಬಿತು.

ಆಗ ಈಜಿಪ್ಟನ್ನು ಆಳುತ್ತಿದ್ದವನು ಫಾತಿಮೀ ವಂಶದ ಅಲ್ ಹಾಕಿಮ್. 996ರಿಂದ 1021ರವರೆಗೆ ಅವನ ಆಡಳಿತ. ವಿದ್ವಾಂಸರಿಗೆ ಆಶ್ರಯ ಕೊಟ್ಟವನೂ ಅವನೇ, ಮನಸ್ಸು ಬದಲಾದರೆ ತನ್ನ ಅಧಿಕಾರಿಗಳನ್ನೇ ಕೊಲ್ಲಿಸಿದವನೂ ಅವನೇ. ಈಜಿಪ್ಟಿನ ಬದುಕೆಲ್ಲ ನೈಲ್ ನದಿಯ ಮೇಲೆ ನಿಂತಿತ್ತು. ನೆರೆ ಕಡಿಮೆಯಾದರೆ ಬರಗಾಲ, ಹೆಚ್ಚಾದರೆ ಬೆಳೆನಾಶ. ತಾನು ಈಜಿಪ್ಟಿನಲ್ಲಿದ್ದಿದ್ದರೆ ನೆರೆಯ ಕಾಲಕ್ಕೂ ಬರದ ಕಾಲಕ್ಕೂ ಉಪಯೋಗವಾಗುವಂತೆ ನೈಲ್ ನದಿಗೊಂದು ವ್ಯವಸ್ಥೆ ಮಾಡುತ್ತಿದ್ದೆನೆಂದು ಇಬ್ನುಲ್ ಹೈಸಮ್‌ರು ಹೇಳಿದ್ದು ಅಲ್ ಹಾಕಿಮನ ಕಿವಿಗೆ ಬಿತ್ತು. ಅವನು ಅವರಿಗೆ ಹಣ ಕಳುಹಿಸಿ ಕರೆಸಿಕೊಂಡನು. ಕೈರೊ ನಗರದ ಹೊರಗಿನ ಅಲ್ ಖಂದಕ್ ಎಂಬ ಹಳ್ಳಿಗೆ ತಾನೇ ಬಂದು ಸ್ವಾಗತಿಸಿದನು. ಈ ವೃತ್ತಾಂತವನ್ನು ದಾಖಲಿಸಿದವರು 1248ರಲ್ಲಿ ತೀರಿಕೊಂಡ ಚರಿತ್ರೆಗಾರ ಇಬ್ನುಲ್ ಕಿಫ್ತೀ.

ಸೋಲನ್ನು ಒಪ್ಪಿಕೊಂಡ ದಿನ

ಕೆಲಸಗಾರರ ತಂಡದೊಂದಿಗೆ ಇಬ್ನುಲ್ ಹೈಸಮ್‌ರು ನದಿಯ ಗುಂಟ ದಕ್ಷಿಣಕ್ಕೆ ಹೊರಟರು. ದಾರಿಯುದ್ದಕ್ಕೂ ಪುರಾತನ ಈಜಿಪ್ಟಿನವರ ಭವ್ಯ ಕಟ್ಟಡಗಳು ಎದುರಾದವು. ಅವುಗಳ ಅಳತೆ, ರೇಖೆಗಳ ನಿಖರತೆ, ಶಿಲ್ಪಿಗಳ ಕೈಚಳಕ ಕಂಡು ಅವರು ಬೆರಗಾದರು. ಬೆರಗಿನ ಹಿಂದೆಯೇ ಒಂದು ಸಂಶಯವೂ ಮೊಳೆಯಿತು. ಇಷ್ಟೆಲ್ಲ ಬಲ್ಲವರಿಗೆ ನೈಲ್ ನದಿಯನ್ನು ಕಟ್ಟುವುದು ಸಾಧ್ಯವಿದ್ದಿದ್ದರೆ ಅವರು ಅದನ್ನು ಬಿಡುತ್ತಿದ್ದರೇ? ಅಸ್ವಾನ್ ಬಳಿಯ ಅಲ್ ಜನಾದಿಲ್ ಎಂಬ ಬಂಡೆಗಳ ಜಾಗಕ್ಕೆ ತಲುಪಿ ನದಿಯನ್ನು ಎರಡೂ ದಡಗಳಿಂದ ಪರೀಕ್ಷಿಸಿದಾಗ ಸಂಶಯ ಖಚಿತವಾಯಿತು. ತನ್ನ ಯೋಜನೆ ಆ ಸ್ಥಳಕ್ಕೆ ಹೊಂದುವುದಿಲ್ಲ ಎಂಬುದು ಅವರಿಗೆ ಮನವರಿಕೆಯಾಯಿತು.

ಓದುಗರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಅರಸನ ಹಣ ಬಂದಿದೆ, ಕೀರ್ತಿ ಬಂದಿದೆ, ಆಳುಕಾಳುಗಳು ಆಜ್ಞೆಗಾಗಿ ಕಾದು ನಿಂತಿದ್ದಾರೆ. ಸುಮ್ಮನೆ ಒಂದಷ್ಟು ಕಲ್ಲುಮಣ್ಣು ಹೊರಿಸಿ, ವರ್ಷಗಳನ್ನು ಕಳೆದು, ಕೊನೆಗೆ ನೆಪ ಹೇಳುವವರು ಯಾವ ಕಾಲದಲ್ಲೂ ಇದ್ದಾರೆ. ಇಬ್ನುಲ್ ಹೈಸಮ್‌ರು ಹಾಗೆ ಮಾಡಲಿಲ್ಲ. ಜೀವಭಯವಿದ್ದರೂ ಹಿಂದಿರುಗಿ ಬಂದು ತನ್ನಿಂದ ಆಗದು ಎಂದು ಅಲ್ ಹಾಕಿಮನ ಮುಂದೆ ಒಪ್ಪಿಕೊಂಡರು. ಅಸ್ವಾನ್ ಬಳಿ ಮೊದಲ ಅಣೆಕಟ್ಟು ಪೂರ್ಣಗೊಂಡದ್ದು 1902ರಲ್ಲಿ, ದೊಡ್ಡ ಅಣೆಕಟ್ಟು 1970ರಲ್ಲಿ. ಅವರ ಕಲ್ಪನೆ ಪೊಳ್ಳಾಗಿರಲಿಲ್ಲ. ಅದನ್ನು ನಡೆಸಿಕೊಡುವ ಸಾಮಗ್ರಿ, ಯಂತ್ರಗಳು ಆ ಕಾಲದಲ್ಲಿರಲಿಲ್ಲ, ಅಷ್ಟೆ.

ಅಲ್ ಹಾಕಿಮನು ನೆಪಕ್ಕೆ ಅವರ ಮಾತನ್ನು ಸ್ವೀಕರಿಸಿ ಒಂದು ಸರಕಾರಿ ಹುದ್ದೆ ಕೊಟ್ಟನು. ಆದರೆ ಅವನ ಸ್ವಭಾವ ಬಲ್ಲವರಿಗೆ ಆ ಹುದ್ದೆ ಹುಲಿಯ ಬೋನಿನಂತಿತ್ತು. ಬಿಟ್ಟು ಹೋಗುವಂತೆಯೂ ಇಲ್ಲ, ಇರುವಂತೆಯೂ ಇಲ್ಲ. ಆಗ ಇಬ್ನುಲ್ ಹೈಸಮ್‌ರು ಬುದ್ಧಿ ಕೆಟ್ಟವರಂತೆ ನಟಿಸಿದರೆಂದು ಇಬ್ನುಲ್ ಕಿಫ್ತೀ ಹೇಳುತ್ತಾರೆ. ಅವರ ಆಸ್ತಿಯನ್ನು ವಶಪಡಿಸಿಕೊಂಡು, ನೋಡಿಕೊಳ್ಳಲು ಜನರನ್ನು ನೇಮಿಸಿ, ಅವರನ್ನು ಮನೆಯಲ್ಲೇ ಕೂಡಿಹಾಕಲಾಯಿತು. 1021ರಲ್ಲಿ ಅಲ್ ಹಾಕಿಮನ ಕಾಲ ಮುಗಿಯುವವರೆಗೂ ಅವರು ಆ ವೇಷದಲ್ಲೇ ಇದ್ದರು. ಅನಂತರವಷ್ಟೇ ತಾನು ಸ್ವಸ್ಥನೆಂದು ತೋರಿಸಿಕೊಟ್ಟರು. ಆ ವರ್ಷಗಳು ಅವರಿಗೆ ಹೇಗಿದ್ದಿರಬಹುದು! ಜ್ಞಾನಿಯೆಂದು ಹೆಸರಾದವನು ಜನರ ಕಣ್ಣಿಗೆ ಹುಚ್ಚನಾಗಿ ಬದುಕುವುದು ಸುಲಭದ ಮಾತಲ್ಲ.

ಕೈಬರಹದ ಅನ್ನ

ಬಿಡುಗಡೆಯಾದ ಮೇಲೆ ಅವರು ಮತ್ತೆ ಅರಮನೆಯ ಬಾಗಿಲು ತಟ್ಟಲಿಲ್ಲ. ಜಾಮಿಅ ಅಲ್ ಅಝ್‌ಹರ್ ಮಸೀದಿಯ ಬಾಗಿಲ ಬಳಿಯ ಒಂದು ಗುಮ್ಮಟದಲ್ಲಿ ನೆಲೆಸಿದರು. ವರ್ಷಕ್ಕೊಮ್ಮೆ ಯೂಕ್ಲಿಡ್‌ನ ಗ್ರಂಥ, ಟಾಲಮಿಯ ಅಲ್ ಮಜಿಸ್ತೀ ಮತ್ತು ಇವೆರಡರ ನಡುವೆ ಓದಿಸುವ ಗಣಿತ ಗ್ರಂಥಗಳನ್ನು ಸ್ವಂತ ಕೈಯಿಂದ ಪ್ರತಿ ಮಾಡುತ್ತಿದ್ದರು. ಅವನ್ನು 150 ಈಜಿಪ್ಟ್ ದೀನಾರಿಗೆ ಮಾರಿ, ಅಷ್ಟರಲ್ಲೇ ಇಡೀ ವರ್ಷ ಜೀವನ ಸಾಗಿಸುತ್ತಿದ್ದರು. ಬೆಲೆಯಲ್ಲಿ ಚೌಕಾಶಿಯೂ ಇರಲಿಲ್ಲ, ಹೆಚ್ಚಿನ ಆಸೆಯೂ ಇರಲಿಲ್ಲ. ಉಳಿದ ಸಮಯವೆಲ್ಲ ಅಧ್ಯಯನ, ಬೋಧನೆ ಮತ್ತು ಗ್ರಂಥರಚನೆಗೆ ಮೀಸಲು.

ಅವರ ಗುಣವನ್ನು ಹೇಳುವ ಇನ್ನೊಂದು ಪ್ರಸಂಗವನ್ನು ಹನ್ನೆರಡನೇ ಶತಮಾನದ ಅಲ್ ಬೈಹಕೀ ಎಂಬ ಚರಿತ್ರೆಗಾರರು ಬರೆದಿದ್ದಾರೆ. ಸಿಮ್ನಾನಿನ ಸುರ್ಖಾಬ್ ಎಂಬ ಶ್ರೀಮಂತನೊಬ್ಬ ಅವರಲ್ಲಿ ಕಲಿಯಲು ಬಂದನು. ಇಬ್ನುಲ್ ಹೈಸಮ್‌ರು ತಿಂಗಳಿಗೆ 100 ದೀನಾರು ಶುಲ್ಕ ಕೇಳಿದರು. ಅವನು ಒಪ್ಪಿ ಮೂರು ವರ್ಷ ಕಲಿತನು. ವಿದ್ಯೆ ಮುಗಿಸಿ ಹೊರಡುವ ದಿನ ಗುರುಗಳು ಅಷ್ಟೂ ಹಣವನ್ನು ಅವನ ಕೈಗೆ ಹಿಂದಿರುಗಿಸಿದರು. ಅವನಿಗೆ ಹೆಚ್ಚಿನದು ಹಣವೋ ವಿದ್ಯೆಯೋ ಎಂದು ಪರೀಕ್ಷಿಸುವುದಕ್ಕಾಗಿ ಮಾತ್ರ ಅವರು ಅದನ್ನು ಕೇಳಿದ್ದರಂತೆ. ಒಳ್ಳೆಯದನ್ನು ಕಲಿಸಿದ್ದಕ್ಕೆ ಕೂಲಿ ಪಡೆಯಲು ಅವರ ಮನಸ್ಸು ಒಪ್ಪಲಿಲ್ಲ. ನನ್ನಂತೆ ಪಾಠ ಹೇಳಿ ಸಂಬಳ ಪಡೆಯುವವರು ಈ ಪ್ರಸಂಗವನ್ನು ಓದುವಾಗ ಸ್ವಲ್ಪ ತಲೆ ತಗ್ಗಿಸಬೇಕಾಗುತ್ತದೆ.

ಕಣ್ಣಿನಿಂದ ಹೊರಡುವ ಕಿರಣವೇ?

ಅವರ ಕೃತಿಗಳ ಪಟ್ಟಿಯಲ್ಲಿ ತೊಂಬತ್ತಕ್ಕೂ ಹೆಚ್ಚು ಹೆಸರುಗಳಿವೆ. ಗಣಿತದಿಂದ ಕಿಬ್ಲಾದ ದಿಕ್ಕನ್ನು ಕಂಡುಹಿಡಿಯುವ ವಿಧಾನದ ಬಗ್ಗೆಯೂ ಅವರು ಬರೆದಿದ್ದಾರೆ. ಚಂದ್ರನ ಬೆಳಕು, ಕಾಮನಬಿಲ್ಲು, ಬೆಂಕಿ ಹೊತ್ತಿಸುವ ಕನ್ನಡಿ, ಬೆಂಕಿ ಹೊತ್ತಿಸುವ ಗಾಜಿನ ಗೋಲ, ಹೀಗೆ ಒಂದೊಂದಕ್ಕೂ ಒಂದೊಂದು ಪ್ರಬಂಧವಿದೆ. ಎಲ್ಲಕ್ಕಿಂತ ದೊಡ್ಡದು ಏಳು ಭಾಗಗಳ ಕಿತಾಬುಲ್ ಮನಾಝಿರ್, ಅಂದರೆ ದೃಷ್ಟಿಶಾಸ್ತ್ರದ ಗ್ರಂಥ. ಇದನ್ನು ಅವರು ಗೃಹಬಂಧನದಲ್ಲಿದ್ದಾಗಲೇ ಬರೆದರೆಂಬ ಮಾತು ಪ್ರಚಾರದಲ್ಲಿದೆ. ಆದರೆ ಆ ಗ್ರಂಥವನ್ನು ಸಂಪಾದಿಸಿದ ವಿದ್ವಾಂಸ ಅಬ್ದುಲ್ ಹಮೀದ್ ಸಬ್ರಾ ಅವರು ಕೃತಿಪಟ್ಟಿಗಳನ್ನು ಹೋಲಿಸಿ, ಅದರ ರಚನೆ 1028 ಮತ್ತು 1038ರ ನಡುವಿನದು ಎಂಬ ನಿರ್ಣಯಕ್ಕೆ ಬಂದಿದ್ದಾರೆ. ಅಂದರೆ ಅದು ಅಝ್‌ಹರಿನ ನೆರಳಿನಲ್ಲಿ ಮಾಗಿದ ವಯಸ್ಸಿನ ಫಲ.

ನಾವು ನೋಡುವುದು ಹೇಗೆ ಎಂಬುದರ ಬಗ್ಗೆ ಅಂದಿನವರಲ್ಲಿ ಒಮ್ಮತವಿರಲಿಲ್ಲ. ಯೂಕ್ಲಿಡ್, ಟಾಲಮಿಯಂಥ ಗಣಿತಜ್ಞರು ಕಣ್ಣಿನಿಂದಲೇ ಕಿರಣಗಳು ಹೊರಟು ವಸ್ತುವನ್ನು ಮುಟ್ಟುತ್ತವೆ ಎಂದಿದ್ದರು. ಅರಿಸ್ಟಾಟಲ್‌ನ ಪಂಥದವರು ವಸ್ತುವಿನ ರೂಪವೇ ಕಣ್ಣಿಗೆ ಬರುತ್ತದೆ ಎಂದಿದ್ದರು. ಇಬ್ನುಲ್ ಹೈಸಮ್‌ರು ಹೆಸರುಗಳ ದೊಡ್ಡಸ್ತಿಕೆಗೆ ಮರುಳಾಗಲಿಲ್ಲ. ಸೂರ್ಯನನ್ನು ದಿಟ್ಟಿಸಿದರೆ ಕಣ್ಣು ನೋಯುತ್ತದೆ. ಪ್ರಖರವಾದ ಬೆಳಕನ್ನು ನೋಡಿ ಕಣ್ಣು ಮುಚ್ಚಿದರೂ ಅದರ ಗುರುತು ಸ್ವಲ್ಪ ಹೊತ್ತು ಉಳಿಯುತ್ತದೆ. ಹಾಗಾದರೆ ಹೊರಗಿನ ಬೆಳಕೇ ಬಂದು ಕಣ್ಣಿನ ಮೇಲೆ ಪರಿಣಾಮ ಮಾಡುತ್ತದೆ ಎಂದಾಯಿತು. ಬೆಳಗಿದ ವಸ್ತುವಿನ ಪ್ರತಿಯೊಂದು ಬಿಂದುವಿನಿಂದಲೂ ಎಲ್ಲ ದಿಕ್ಕಿಗೂ ಬೆಳಕು ನೇರ ಗೆರೆಯಲ್ಲಿ ಹೊರಡುತ್ತದೆ, ಅದರಲ್ಲಿ ಕಣ್ಣಿಗೆ ಬಂದು ಸೇರಿದ್ದೇ ನೋಟಕ್ಕೆ ಕಾರಣ ಎಂದು ಅವರು ವಿವರಿಸಿದರು.

ಮಾತಿನಲ್ಲಿ ಹೇಳಿ ಅವರು ಸುಮ್ಮನಾಗಲಿಲ್ಲ. ಒಂದು ಕತ್ತಲೆ ಕೋಣೆಗೆ ಸಣ್ಣ ರಂಧ್ರವಿದೆ. ರಂಧ್ರದ ಎದುರು, ಹೊರಗಡೆ, ಬೇರೆಬೇರೆ ಜಾಗಗಳಲ್ಲಿ ಕೆಲವು ದೀಪಗಳನ್ನಿಡಬೇಕು. ಎಷ್ಟು ದೀಪಗಳಿವೆಯೋ ಅಷ್ಟೇ ಬೆಳಕಿನ ಚುಕ್ಕೆಗಳು ಒಳಗಿನ ಗೋಡೆಯ ಮೇಲೆ ಬೀಳುತ್ತವೆ. ಒಂದು ದೀಪವನ್ನು ಮರೆ ಮಾಡಿದರೆ ಅದಕ್ಕೆ ನೇರವಾಗಿರುವ ಒಂದು ಚುಕ್ಕೆ ಮಾತ್ರ ಮಾಯವಾಗುತ್ತದೆ. ಮರೆ ತೆಗೆದರೆ ಅದು ತನ್ನ ಜಾಗಕ್ಕೇ ಮರಳುತ್ತದೆ. ಎಲ್ಲ ದೀಪಗಳ ಬೆಳಕೂ ಒಂದೇ ರಂಧ್ರದಲ್ಲಿ ಹಾದುಹೋದರೂ ಒಂದರೊಳಗೊಂದು ಬೆರೆತುಹೋಗುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಮುಂದೆ ಕ್ಯಾಮರಾ ಎಂಬ ಹೆಸರು ಬಂದದ್ದೇ ಕೋಣೆ ಎಂಬ ಅರ್ಥದ ಲ್ಯಾಟಿನ್ ಪದದಿಂದ. ರಂಧ್ರದ ಮೂಲಕ ಬಿಂಬ ಬೀಳುವುದನ್ನು ಹಿಂದಿನವರೂ ಕಂಡಿದ್ದರು. ಅದನ್ನು ಕ್ರಮಬದ್ಧವಾದ ಪ್ರಯೋಗವಾಗಿಸಿ ಕಾರಣ ಹುಡುಕಿದ್ದು ಇವರ ಹೆಚ್ಚುಗಾರಿಕೆ.

ಸೂರ್ಯಗ್ರಹಣದ ಆಕಾರದ ಬಗ್ಗೆ ಅವರದೊಂದು ಪ್ರತ್ಯೇಕ ಪ್ರಬಂಧವೇ ಇದೆ. ಗ್ರಹಣದ ಹೊತ್ತಿನಲ್ಲಿ ಕಿರಿದಾದ ರಂಧ್ರದ ಮೂಲಕ ಬಂದ ಬಿಸಿಲು ಕುಡುಗೋಲಿನ ಆಕಾರದಲ್ಲಿ ತಲೆಕೆಳಗಾಗಿ ಬೀಳುತ್ತದೆ. ರಂಧ್ರವನ್ನು ದೊಡ್ಡದು ಮಾಡಿದರೆ ಆ ಆಕಾರ ಉಳಿಯುವುದಿಲ್ಲ. ಏಕೆ ಹೀಗೆ ಎಂದು ಅವರು ಲೆಕ್ಕ ಹಾಕಿ ತೋರಿಸಿದರು. 2019ರ ಡಿಸೆಂಬರ್ 26ರ ಬೆಳಿಗ್ಗೆ ನಮ್ಮ ಕರಾವಳಿಯಲ್ಲಿ ಕಂಕಣ ಸೂರ್ಯಗ್ರಹಣವಾದಾಗ ಗ್ರಹಣದ ನಮಾಝ್‌ಗೆ ಹೊರಟವರು ಮರದ ಕೆಳಗೆ ನೋಡಿದ್ದರೆ ಇದು ಕಾಣುತ್ತಿತ್ತು. ಎಲೆಗಳ ಸಂದಿಯೇ ರಂಧ್ರ, ನೆಲವೇ ಗೋಡೆ. ಸೂರ್ಯನನ್ನು ನೇರವಾಗಿ ನೋಡಿ ಕಣ್ಣು ಕಳೆದುಕೊಳ್ಳುವ ಬದಲು ನೆಲ ನೋಡಿ ಗ್ರಹಣವನ್ನು ಅರಿಯುವ ಉಪಾಯವದು.

ಉಬ್ಬು ಕನ್ನಡಿಯ ಒಗಟು

ಕಿತಾಬುಲ್ ಮನಾಝಿರ್‌ನ ಏಳು ಭಾಗಗಳಲ್ಲಿ ಮೊದಲ ಮೂರು ನೇರ ನೋಟದ ಬಗ್ಗೆ. ನಾಲ್ಕರಿಂದ ಆರರವರೆಗೆ ಕನ್ನಡಿಯಲ್ಲಿ ಪ್ರತಿಫಲಿಸಿ ಬರುವ ನೋಟದ ಬಗ್ಗೆ. ಏಳನೆಯದು ನೀರು, ಗಾಜುಗಳಲ್ಲಿ ಬಾಗಿ ಬರುವ ನೋಟದ ಬಗ್ಗೆ. ಅಂದರೆ ಗ್ರಂಥದ ಅರ್ಧಕ್ಕಿಂತ ಹೆಚ್ಚು ಭಾಗಗಳು ಬಳಸುದಾರಿಯ ನೋಟಕ್ಕೇ ಮೀಸಲು.

ಪ್ರತಿಫಲನವನ್ನು ಪರೀಕ್ಷಿಸಲು ಅವರು ಏಳು ಬಗೆಯ ಕನ್ನಡಿಗಳನ್ನು ಬಳಸುವ ಒಂದು ಉಪಕರಣವನ್ನು ವಿವರಿಸಿದ್ದಾರೆ. ಒಂದು ಸಮತಲದ್ದು. ಗೋಲ, ಕೊಳವೆ ಮತ್ತು ಶಂಕುವಿನ ಆಕಾರದವುಗಳಲ್ಲಿ ಉಬ್ಬಿದ್ದು ಒಂದೊಂದು, ತಗ್ಗಾದದ್ದು ಒಂದೊಂದು. ಸಮತಲ ಕನ್ನಡಿಯಲ್ಲಿ ಲೆಕ್ಕ ಸುಲಭ. ಆದರೆ ಕನ್ನಡಿ ದುಂಡಾಗಿದ್ದರೆ? ಕಣ್ಣು ಒಂದು ಕಡೆ ಇದೆ, ವಸ್ತು ಇನ್ನೊಂದು ಕಡೆ ಇದೆ. ವಸ್ತುವಿನಿಂದ ಹೊರಟ ಬೆಳಕು ಆ ದುಂಡು ಮೈಯ ಯಾವ ಬಿಂದುವಿಗೆ ತಗುಲಿದರೆ ಸರಿಯಾಗಿ ಕಣ್ಣಿಗೆ ಬರುತ್ತದೆ? ಬಸ್ಸಿನ ಚಾಲಕ ಕನ್ನಡಿ ನೋಡಿದಾಗಲೆಲ್ಲ ಬೆಳಕು ಈ ಬಿಂದುವನ್ನು ಕ್ಷಣಾರ್ಧದಲ್ಲಿ ಕಂಡುಕೊಳ್ಳುತ್ತದೆ. ಆದರೆ ಕಾಗದದ ಮೇಲೆ ಅದನ್ನು ಗುರುತಿಸುವುದು ಬಹಳ ಕಷ್ಟ. ಇಬ್ನುಲ್ ಹೈಸಮ್‌ರು ಆರು ಪೂರ್ವಸಿದ್ಧಾಂತಗಳನ್ನು ಸಾಧಿಸಿ, ಶಂಕುವನ್ನು ಕತ್ತರಿಸಿದಾಗ ದೊರೆಯುವ ವಕ್ರರೇಖೆಗಳ ನೆರವಿನಿಂದ ಅದನ್ನು ಬಿಡಿಸಿದರು. ಗಣಿತಲೋಕದಲ್ಲಿ ಇದು ಇಂದಿಗೂ ಅಲ್‌ಹಾಝೆನ್ ಸಮಸ್ಯೆ ಎಂದೇ ಪ್ರಸಿದ್ಧ. ಹದಿನೇಳನೇ ಶತಮಾನದಲ್ಲಿ ಹಾಲೆಂಡಿನ ಹೈಗೆನ್ಸ್ ಇದಕ್ಕೆ ಇನ್ನೂ ಸರಳವಾದ ಉತ್ತರ ಹುಡುಕಿದನು. ಕೇವಲ ಅಳತೆಗೋಲು ಮತ್ತು ಕೈವಾರದಿಂದ ಇದನ್ನು ಬಿಡಿಸಲು ಸಾಧ್ಯವೇ ಇಲ್ಲವೆಂದು ಆಕ್ಸ್‌ಫರ್ಡಿನ ಪೀಟರ್ ನ್ಯೂಮನ್ 1990ರ ದಶಕದಲ್ಲಿ ಸಾಧಿಸಿ ತೋರಿಸಿದರು.

ಏಳನೇ ಭಾಗದಲ್ಲಿ, ಗೋಲದಂತೆ ಉಬ್ಬಿದ ಪಾರದರ್ಶಕ ವಸ್ತುವಿನೊಳಗಿಂದ ಕಾಣುವ ವಸ್ತು ದೊಡ್ಡದಾಗಿ ತೋರುತ್ತದೆಂಬ ವಿವರಣೆಯಿದೆ. ಕನ್ನಡಕವು ಇಟಲಿಯಲ್ಲಿ ಕಾಣಿಸಿಕೊಂಡದ್ದು ಹದಿಮೂರನೇ ಶತಮಾನದ ಕೊನೆಯಲ್ಲಿ. ಇಬ್ನುಲ್ ಹೈಸಮ್‌ರು ಕನ್ನಡಕ ಮಾಡಿದರೆಂದು ಹೇಳುವುದು ಉತ್ಪ್ರೇಕ್ಷೆಯಾದೀತು. ಆದರೆ ಮಸೂರದ ವಿಜ್ಞಾನಕ್ಕೆ ಅವರು ತಳಪಾಯ ಹಾಕಿದರೆಂಬುದರಲ್ಲಿ ಸಂಶಯವಿಲ್ಲ.

ನೋಟವೆಂಬುದು ಕೇವಲ ಕಣ್ಣಿನ ಕೆಲಸವಲ್ಲ, ಅದರಲ್ಲಿ ಮನಸ್ಸಿನ ತೀರ್ಮಾನವೂ ಸೇರಿದೆ ಎಂದು ಅವರು ಹೇಳಿದ್ದು ಇನ್ನೂ ಮಹತ್ವದ್ದು. ದಿಗಂತದ ಬಳಿ ಚಂದ್ರನು ದೊಡ್ಡದಾಗಿ, ನೆತ್ತಿಯ ಮೇಲೆ ಚಿಕ್ಕದಾಗಿ ಕಾಣುತ್ತಾನೆ. ಚಂದ್ರನು ಅಷ್ಟೇ ಇದ್ದಾನೆ. ದಿಗಂತವು ದೂರವಿದೆಯೆಂದು ಮನಸ್ಸು ಭಾವಿಸುವುದರಿಂದ ಹಾಗೆ ತೋರುತ್ತದೆ ಎಂದು ಅವರು ವಿವರಿಸಿದರು. ಕಣ್ಣಿನ ತಪ್ಪುಗಳಿಗೆಂದೇ ಅವರು ಗ್ರಂಥದ ಮೂರನೇ ಭಾಗವನ್ನು ಬಿಟ್ಟುಕೊಟ್ಟಿದ್ದಾರೆ.

ಸಂಶಯಪಡುವ ಧೈರ್ಯ

ಟಾಲಮಿಯ ಮೇಲಿನ ಸಂಶಯಗಳು ಎಂಬುದು ಅವರ ಇನ್ನೊಂದು ಕೃತಿ. ಯಾರ ಗ್ರಂಥವನ್ನು ವರ್ಷವರ್ಷವೂ ಪ್ರತಿ ಮಾಡಿ ಅನ್ನ ಸಂಪಾದಿಸುತ್ತಿದ್ದರೋ ಅದೇ ಟಾಲಮಿಯ ದೋಷಗಳನ್ನು ಅವರು ಇಲ್ಲಿ ಎತ್ತಿ ತೋರಿಸಿದ್ದಾರೆ. ಸತ್ಯವನ್ನು ಹುಡುಕುವವನು ಹಿಂದಿನವರು ಬರೆದರೆಂಬ ಮಾತ್ರಕ್ಕೆ ನಂಬಬಾರದು, ಮನುಷ್ಯನ ಬರಹದಲ್ಲಿ ಕುಂದುಕೊರತೆಗಳು ಇದ್ದೇ ಇರುತ್ತವೆ ಎಂಬುದು ಅವರ ನಿಲುವು. ಮುಖ್ಯವಾಗಿ ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಪರರನ್ನು ಪರೀಕ್ಷಿಸುವವನು ತನ್ನನ್ನೂ ಸಂಶಯದಿಂದ ನೋಡಿಕೊಳ್ಳಬೇಕು, ಪಕ್ಷಪಾತಕ್ಕೂ ಔದಾಸೀನ್ಯಕ್ಕೂ ಒಳಗಾಗಬಾರದು ಎಂದು ಸೇರಿಸಿದರು.

ಆ ಎಚ್ಚರಿಕೆ ಅವರಿಗೂ ಅನ್ವಯಿಸಿತು. ಕಣ್ಣಿನೊಳಗಿನ ಮಸೂರದಲ್ಲೇ ನೋಟದ ಅನುಭವ ಆರಂಭವಾಗುತ್ತದೆಂದು ಅವರು ನಂಬಿದ್ದರು. ಅದು ತಪ್ಪಾಗಿತ್ತು. ಬಿಂಬವು ಕಣ್ಣಿನ ಹಿಂಬದಿಯ ಪರದೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆಂದು 1604ರಲ್ಲಿ ಕೆಪ್ಲರ್ ವಿವರಿಸಿದನು. ಆದರೆ ಕೆಪ್ಲರ್ ಆ ಎತ್ತರಕ್ಕೆ ಏರಿದ್ದು ಇಬ್ನುಲ್ ಹೈಸಮ್‌ರ ಮೆಟ್ಟಿಲುಗಳ ಮೇಲೆಯೇ. ಕಿತಾಬುಲ್ ಮನಾಝಿರ್ 1200ರ ಸುಮಾರಿಗೆ ಲ್ಯಾಟಿನ್ ಭಾಷೆಗೆ ಅನುವಾದವಾಗಿತ್ತು. ರೋಜರ್ ಬೇಕನ್, ವಿಟೆಲೋ ಮೊದಲಾದವರು ಅದನ್ನು ಓದಿ ಬರೆದರು. 1572ರಲ್ಲಿ ಅದು ಬಾಸೆಲ್ ನಗರದಲ್ಲಿ ಅಚ್ಚಾಯಿತು. ಪೂರ್ವದಲ್ಲಿ ಕಮಾಲುದ್ದೀನ್ ಅಲ್ ಫಾರಿಸೀ ಎಂಬವರು ಹದಿನಾಲ್ಕನೇ ಶತಮಾನದ ಆರಂಭದ ಹೊತ್ತಿಗೆ ಅದಕ್ಕೆ ವ್ಯಾಖ್ಯಾನ ಬರೆದರು. ನೀರು ತುಂಬಿದ ಗಾಜಿನ ಗೋಲವನ್ನು ಮಳೆಹನಿಯೆಂದು ಭಾವಿಸಿ, ಕತ್ತಲೆ ಕೋಣೆಯಲ್ಲಿ ಪರೀಕ್ಷಿಸಿ ಕಾಮನಬಿಲ್ಲಿನ ಕಾರಣವನ್ನು ಕಂಡುಹಿಡಿದರು. ಗುರುವನ್ನು ಗೌರವಿಸುತ್ತಲೇ ಗುರುವಿನ ವಿವರಣೆಯನ್ನು ತಿದ್ದಿದ ಶಿಷ್ಯರವರು. ಇಬ್ನುಲ್ ಹೈಸಮ್‌ರು ಬಯಸಿದ್ದೂ ಇಂಥ ಓದುಗರನ್ನೇ.

ಸುಮಾರು 1040ರಲ್ಲಿ, ಹಿಜರಿ 430ರ ಹೊತ್ತಿಗೆ, ಅವರು ಕೈರೊದಲ್ಲಿ ನಿಧನರಾದರು. ಚಂದ್ರನ ಮೇಲಿನ ಒಂದು ಕುಳಿಗೆ ಅವರ ಹೆಸರಿದೆ. 2003ರಲ್ಲಿ ಇರಾಕ್ ಹೊರತಂದ 10,000 ದೀನಾರಿನ ನೋಟಿನಲ್ಲಿ ಅವರ ಚಿತ್ರವಿದೆ. ವರ್ಷಕ್ಕೆ 150 ದೀನಾರಿನಲ್ಲಿ ತೃಪ್ತರಾಗಿದ್ದವರಿಗೆ ಸಂದ ಗೌರವವಿದು!

ಓದುಗರೇ, ನಮ್ಮ ಪೂರ್ವಜರು ಹಾಗಿದ್ದರು, ಹೀಗಿದ್ದರು ಎಂದು ಹೆಮ್ಮೆಪಡುವುದು ಸುಲಭ. ಸಭೆಗಳಲ್ಲಿ ಇಬ್ನುಲ್ ಹೈಸಮ್‌ರ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸುವುದು ಇನ್ನೂ ಸುಲಭ. ಆದರೆ ಅವರಂತೆ ನದಿಯ ದಡದಲ್ಲಿ ನಿಂತು ತನ್ನ ಲೆಕ್ಕ ತಪ್ಪಿತೆಂದು ಒಪ್ಪಿಕೊಳ್ಳುವವರು ನಮ್ಮಲ್ಲಿ ಎಷ್ಟು ಮಂದಿ? ಮನೆಯಲ್ಲಿ ಹೆಂಡತಿ ಮಕ್ಕಳ ಮುಂದೆ, ತರಗತಿಯಲ್ಲಿ ವಿದ್ಯಾರ್ಥಿಗಳ ಮುಂದೆ, ಜಮಾಅತಿನ ಸಭೆಯಲ್ಲಿ ಎದುರಾಳಿಯ ಮುಂದೆ ನನ್ನದು ತಪ್ಪಾಯಿತು ಎಂಬ ಒಂದು ಮಾತು ಹೇಳಲು ನಾಲಗೆ ಎಷ್ಟು ತಡವರಿಸುತ್ತದೆ! ಪರರ ತಪ್ಪನ್ನು ನೇರವಾಗಿ ಕಾಣುತ್ತೇವೆ. ನಮ್ಮ ಮುಖವನ್ನು ಮಾತ್ರ ನಾವು ನೇರವಾಗಿ ಕಾಣಲಾರೆವು, ಅದಕ್ಕೆ ಕನ್ನಡಿಯೇ ಬೇಕು. ಪ್ರವಾದಿ(ಸ)ಯವರು ಒಬ್ಬ ವಿಶ್ವಾಸಿಯನ್ನು ಇನ್ನೊಬ್ಬ ವಿಶ್ವಾಸಿಯ ಕನ್ನಡಿಗೆ ಹೋಲಿಸಿದ್ದು ಎಷ್ಟು ಅರ್ಥಪೂರ್ಣ! ನಮ್ಮ ಕುಂದನ್ನು ತೋರಿಸಿಕೊಟ್ಟ ಗೆಳೆಯನ ಮೇಲೆ ಮುನಿಯುವುದೆಂದರೆ ಚಾಲಕನು ಪಕ್ಕದ ಕನ್ನಡಿಯನ್ನು ಒಡೆದುಹಾಕಿದಂತೆ.

ಆ ಕನ್ನಡಿಯಲ್ಲಿ ನಮ್ಮ ತಪ್ಪು ಚಿಕ್ಕದಾಗಿ ಕಂಡರೆ ಅದು ಇನ್ನೂ ದೂರದಲ್ಲಿದೆ ಎಂದು ನೆಮ್ಮದಿಯಿಂದಿರುವುದೂ ಬೇಡ. ನೋಡುವ ಕಣ್ಣನ್ನು ಕೊಟ್ಟ ಅಲ್ಲಾಹನು, ನೋಡಿದ್ದನ್ನು ಸರಿಯಾಗಿ ಅರಿಯುವ ಮನಸ್ಸನ್ನೂ ತಪ್ಪಿದಾಗ ಹಿಂದಿರುಗುವ ಧೈರ್ಯವನ್ನೂ ನಮಗೆ ಅನುಗ್ರಹಿಸಲಿ.